ಸೀಟು ಸಿಕ್ಕ ದರ್ಜಿ

“ಗುರುಗಳೇ, ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಬೆಳಗಿನ ಪಾಠವನ್ನು ಒಂದು ದಿನವೂ ತಪ್ಪಿಸಿಲ್ಲ. ನನಗಿಂತ ಈಚೆಗೆ ಬಂದವರು ಕಲಿತು, ಹೊರಟು, ತಮ್ಮ ತಮ್ಮ ಕೆಲಸ ಹಿಡಿದಿದ್ದಾರೆ. ನಾನು ಮಾತ್ರ ಇನ್ನೂ ಎಲ್ಲಿಗೂ ಮುಟ್ಟಿಲ್ಲವಲ್ಲ, ಯಾಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನಿಗೆ ಶಾಸ್ತ್ರ ಹೇಳಲಿಲ್ಲ. ಶಾಸ್ತ್ರವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಸಿಟಿ ಬಸ್ಸಿನಲ್ಲಿ ಓಡಾಡಿದ್ದೀಯೇನಪ್ಪ ಎಂದು ಕೇಳಿದರು. ಓಡಾಡಿದ್ದೇನೆ ಎಂದ. ಹಾಗಾದರೆ ಈ ಕತೆ ನಿನಗೆ ತಿಳಿಯುತ್ತದೆ ಎಂದು ಹೇಳತೊಡಗಿದರು.

ಒಂದು ದೊಡ್ಡ ನಗರದ ಅಂಚಿನಲ್ಲಿ ಒಬ್ಬ ದರ್ಜಿಯಿದ್ದ. ಕೈ ಒಳ್ಳೆಯದು, ಮಾತು ಸ್ವಲ್ಪ ಜಾಸ್ತಿ. ನೂಲು, ಗುಂಡಿ, ಲೈನಿಂಗ್ ಬಟ್ಟೆ ತರಲು ವಾರಕ್ಕೆರಡು ಸಲ ಪೇಟೆಗೆ ಹೋಗುತ್ತಿದ್ದ. ಹೋಗುವಾಗ ಹೆಗಲ ಮೇಲೊಂದು ಟವೆಲು ಇರುತ್ತಿತ್ತು. ಅದು ಬೆವರು ಒರೆಸಲು ಅಲ್ಲ, ಸೀಟು ಹಿಡಿಯಲು.

ಈ ಪದ್ಧತಿ ನಮ್ಮ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಸ್ಸು ಬಂದು ನಿಲ್ಲುವಷ್ಟರಲ್ಲಿ ಹೊರಗಿನಿಂದಲೇ ಕಿಟಕಿಯೊಳಕ್ಕೆ ಟವೆಲು ಎಸೆಯಬೇಕು. ಅದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಎಸೆದವನದು. ಇದನ್ನು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ಕಾನೂನು ಮುರಿಯುವವರೂ ಇದನ್ನು ಮುರಿಯಲು ಹಿಂದೆ ಮುಂದೆ ನೋಡುತ್ತಾರೆ. ದರ್ಜಿ ಈ ವಿದ್ಯೆಯಲ್ಲಿ ಎತ್ತಿದ ಕೈ. ಓಡುವ ಬಸ್ಸಿನ ಪಕ್ಕದಲ್ಲೇ ಓಡಿ, ಬೇಕಾದ ಕಿಟಕಿಗೆ, ಬೇಕಾದ ಸೀಟಿಗೆ ಟವೆಲು ಹಾಕಬಲ್ಲವನಾಗಿದ್ದ.

ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತೇ ದುಡಿಯುವವನು ಬಸ್ಸಿನಲ್ಲಿ ಒಂದು ಗಂಟೆ ನಿಂತಿದ್ದರೆ ಅವನ ಮೈಗೆ ಒಳ್ಳೆಯದೇ ಆಗುತ್ತಿತ್ತು. ಆದರೆ ಅವನಿಗೆ ನಿಂತು ಹೋಗುವುದೆಂದರೆ ಸೋತು ಹೋದಂತೆ. ತಾನು ಬಸ್ಸಿನಲ್ಲಿ ನಿಂತು ಮೂವತ್ತು ವರ್ಷವಾಯಿತೆಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹರಿದ ಜೇಬು ಹೊಲಿಸಲು ಬಂದವರೂ ಅದನ್ನು ಕೇಳಿಯೇ ಹೋಗಬೇಕು. ಸೀಟು ಸಿಕ್ಕಿದರೆ ಅರ್ಧ ದಾರಿ ಮುಟ್ಟಿದ ಹಾಗೆ ಎಂಬುದು ಅವನೇ ಕಟ್ಟಿಕೊಂಡ ಗಾದೆ.

ನಗರಕ್ಕೆ ಮೆಟ್ರೊ ಬಂತು. ದರ್ಜಿ ಒಂದು ಸಲ ಹತ್ತಿ ನೋಡಿದ. ಅದರ ಕಿಟಕಿ ತೆರೆಯುವುದಿಲ್ಲ. ಕಿಟಕಿಯೇ ತೆರೆಯದ ಮೇಲೆ ಟವೆಲು ಎಸೆಯುವುದೆಲ್ಲಿಂದ? ಅವನ ವಿದ್ಯೆ ಅಲ್ಲಿ ನಡೆಯಲಿಲ್ಲ. ಕಂಬಿ ಹಿಡಿದು ನಿಂತೇ ಹೋಗಬೇಕಾಯಿತು. ಮೆಟ್ರೊದಲ್ಲಿ ನಿಂತದ್ದು ಬಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಂದಿನಿಂದ ಮೆಟ್ರೊ ಸರಿಯಿಲ್ಲ ಎಂದು ಊರಿಗೆಲ್ಲ ಸಾರಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನಿಗೊಬ್ಬಳು ಮಗಳು. ನರ್ಸ್ ಕೋರ್ಸ್ ಮುಗಿಸಿ ಸಣ್ಣಪುಟ್ಟ ಕಡೆ ಕೆಲಸ ಮಾಡುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಹುದ್ದೆಗಳಿಗೆ ಪರೀಕ್ಷೆ ಕರೆದಿದ್ದರು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಮುಂದಿನ ಸಲ ಕರೆಯುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತಿತ್ತು. ಎಂಟು ತಿಂಗಳು ಅವಳು ಓದಿದಳು. ಅವಳು ಓದುವಾಗ ದರ್ಜಿ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೈಹೊಲಿಗೆ ಹಾಕುತ್ತಿದ್ದ. ಮಗಳ ಮೇಲೆ ಅವನಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಡೆದದ್ದನ್ನು ಕೇಳಿ ಅವನನ್ನು ಕೆಟ್ಟವನೆಂದುಕೊಳ್ಳುತ್ತೀಯೆ.

ಪರೀಕ್ಷೆಯ ಹಿಂದಿನ ದಿನ ಮಗಳು ಹಾಲ್ ಟಿಕೆಟ್ಟನ್ನು ದೇವರ ಗೂಡಿನಲ್ಲಿಟ್ಟು, ಮೂಲೆಗೆ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದಳು. ಪ್ರಸಾದದ ಹೂವು ಮುಡಿದುಕೊಂಡಳು. ಹಾಲ್ ಟಿಕೆಟ್ಟನ್ನು ದೇವರಿಗೇ ಬಿಟ್ಟು ಗೆಳತಿ ಮತ್ತು ಅವಳ ತಾಯಿಯ ಜೊತೆ ಹೊರಟಳು.

ನಗರದ ಇನ್ನೊಂದು ತುದಿಯಲ್ಲಿರುವ ಪರೀಕ್ಷೆಯ ಕೇಂದ್ರ ಮುಟ್ಟಿದ ಮೇಲೆ ಅದು ಅವಳಿಗೆ ನೆನಪಾಯಿತು. ಗೆಳತಿಯ ತಾಯಿಯ ಫೋನಿನಿಂದ ಅಪ್ಪನಿಗೆ ಕರೆ ಮಾಡಿದಳು. ಸೀಲು ಬಿದ್ದ ಮೂಲ ಪತ್ರವೇ ಬೇಕಂತೆ, ಒಂಬತ್ತೂವರೆಗೆ ಗೇಟು ಹಾಕುತ್ತಾರಂತೆ ಎಂದಳು. ಆಗ ಏಳೂಮುಕ್ಕಾಲು. ದರ್ಜಿ ಹಾಲ್ ಟಿಕೆಟ್ಟನ್ನು ಅಂಗಿಯ ಜೇಬಿಗಿಟ್ಟು, ಟವೆಲು ಹೆಗಲಿಗೆ ಹಾಕಿ ಮನೆಬಿಟ್ಟ. ಸಮಯ ಬೇಕಾದಷ್ಟಿತ್ತು.

ರಸ್ತೆಯಲ್ಲಿ ಶೇರ್ ಆಟೊ ಬಂತು. ಡ್ರೈವರನ ಪಕ್ಕದಲ್ಲಿ ಅರ್ಧ ಕುಂಡಿ ಊರುವಷ್ಟು ಜಾಗವಿತ್ತು. ದರ್ಜಿ ಅದನ್ನು ಬಿಟ್ಟ. ಹಿಂದಿನ ಸೀಟು ಖಾಲಿಯಿದ್ದ ಆಟೊ ಬರಲು ಹತ್ತು ನಿಮಿಷ ಹಿಡಿಯಿತು.

ಬಸ್ ನಿಲ್ದಾಣಕ್ಕೆ ಬಂದಾಗ ಎಂಟು ದಾಟಿತ್ತು. ಅವನಿಗೆ ಬೇಕಾದ ಬಸ್ಸು ಎದುರಿಗೇ ನಿಂತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಡ್ರೈವರು ಕೂತು ಎಂಜಿನ್ ಚಾಲೂ ಮಾಡಿದ್ದ. ಹತ್ತುವುದೋ ಬೇಡವೋ ಎಂದು ದರ್ಜಿ ಒಂದು ಕ್ಷಣ ನಿಂತ. ಅಷ್ಟರಲ್ಲಿ ಅದೇ ನಂಬರಿನ ಇನ್ನೊಂದು ಬಸ್ಸು ಖಾಲಿಯಾಗಿ ಒಳಗೆ ಬಂತು. ಜನ ಅದರ ಹಿಂದೆ ಓಡಿದರು. ದರ್ಜಿಯ ಕಾಲುಗಳು ತಾವಾಗಿಯೇ ಓಡಿದವು, ಕೈ ತಾನಾಗಿಯೇ ಎದ್ದಿತು. ಟವೆಲು ಮೂರನೇ ಕಿಟಕಿಯಲ್ಲಿ ಹೋಗಿ ಸೀಟಿನ ನಡುಮಧ್ಯೆ ಬಿತ್ತು. ಅಂಥ ಎಸೆತ ಅವನೂ ಎಸೆದಿರಲಿಲ್ಲ.

ನೂಕಿಕೊಂಡು ಒಳಗೆ ಹೋಗಿ ನೋಡಿದರೆ ಅವನ ಸೀಟಿನಲ್ಲಿ ಯಾರೋ ಒಬ್ಬ ಕೂತಿದ್ದಾನೆ. ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟಿದ್ದಾನೆ. ಜಗಳ ಶುರುವಾಯಿತು. ಬಟ್ಟೆ ಕೂತರೆ ಮನುಷ್ಯ ಕೂತಂತಾಯಿತೇ ಎಂದು ಅವನು ಕೇಳಿದ. ಹಾಗಾದರೆ ಇಷ್ಟು ವರ್ಷ ಈ ನಾಡಿನ ಜನ ಟವೆಲು ಹಾಕಿದ್ದೆಲ್ಲ ದಂಡವೇ ಎಂದು ದರ್ಜಿ ಕೇಳಿದ. ಬಸ್ಸಿನವರೆಲ್ಲ ದರ್ಜಿಯ ಪರ ನಿಂತರು. ಯಾಕೆಂದರೆ ಅವರಲ್ಲಿ ಅರ್ಧ ಜನ ಹಾಗೆಯೇ ಸೀಟು ಹಿಡಿದವರು. ಕೂತಿದ್ದವನು ಬೇಸರದಿಂದ ಎದ್ದು ಬಸ್ಸಿನಿಂದಲೇ ಇಳಿದುಹೋದ. ಹೋಗಿ, ಆಗತಾನೇ ಹೊರಟಿದ್ದ ಮೊದಲಿನ ಬಸ್ಸಿನ ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟ. ಆ ಬಸ್ಸು ಹೊರಟುಹೋಯಿತು.

ದರ್ಜಿ ಗೆದ್ದಿದ್ದ. ಕಿಟಕಿಯ ಪಕ್ಕ ಕೂತು ಕಾಲು ಚಾಚಿದ. ಆಗ ಮಗಳ ಫೋನು ಬಂತು.

“ಎಲ್ಲಿದ್ದೀಯಪ್ಪಾ?”

“ಬಸ್ಸಲ್ಲಿ ಕೂತಿದ್ದೀನಮ್ಮ. ಸೀಟು ಸಿಕ್ಕಿದೆ. ನೀನೇನೂ ಯೋಚನೆ ಮಾಡ್ಬೇಡ.”

ಮಗಳಿಗೆ ಹೋದ ಜೀವ ಬಂದಂತಾಯಿತು. ಅಪ್ಪ ಬಸ್ಸಿನಲ್ಲಿದ್ದಾನೆಂದರೆ ಬಸ್ಸು ದಾರಿಯಲ್ಲಿದೆ ಎಂದುಕೊಂಡಳು. ಬಸ್ಸು ನಿಂತಲ್ಲೇ ನಿಂತಿತ್ತು. ಡ್ರೈವರೂ ಕಂಡಕ್ಟರೂ ಟೀ ಕುಡಿಯಲು ಹೋಗಿದ್ದರು.

ಎಂಟೂ ಇಪ್ಪತ್ತಾಯಿತು. ಮೆಟ್ರೊ ನಿಲ್ದಾಣ ರಸ್ತೆಯ ಆಚೆಗಿತ್ತು. ಅದರಲ್ಲಿ ಹೋದರೆ ಅರ್ಧ ಗಂಟೆಯ ಕೆಲಸ. ಇದು ದರ್ಜಿಗೆ ಗೊತ್ತಿತ್ತು. ಬಸ್ ನಿಲ್ದಾಣದ ಗೇಟಿನಲ್ಲಿ ಆಟೊಗಳೂ ಸಾಲಾಗಿ ನಿಂತಿದ್ದವು. ಅದೂ ಕಾಣುತ್ತಿತ್ತು. ಅವನು ಅವುಗಳ ಬಗ್ಗೆ ಯೋಚಿಸಲಿಲ್ಲ ಎಂದಲ್ಲ. ಯೋಚಿಸಿದ. ಆದರೆ ಪ್ರತಿ ಸಲ ಯೋಚಿಸುವಾಗಲೂ, ಇಷ್ಟು ಕಷ್ಟಪಟ್ಟು ಹಿಡಿದ ಸೀಟು ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು. ಬಸ್ಸಿಗೆ ಐವತ್ತು ನಿಮಿಷ ಸಾಕು, ಒಂಬತ್ತೂಕಾಲಿಗೆ ಅಲ್ಲಿರುತ್ತೇನೆ ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಸೀಟಿಗೆ ಹೊಂದುವ ಹಾಗೆ ಲೆಕ್ಕ ಹಾಕುವುದರಲ್ಲೂ ಅವನು ದರ್ಜಿಯೇ.

ಎಂಟೂ ಇಪ್ಪತ್ತೈದಕ್ಕೆ ಬಸ್ಸು ಹೊರಟಿತು. ಪೇಟೆ ದಾಟಿತು, ಕೆರೆಯ ರಸ್ತೆ ದಾಟಿತು, ಎರಡು ಸಿಗ್ನಲ್ ದಾಟಿ ಮೇಲ್ಸೇತುವೆಯ ಬುಡಕ್ಕೆ ಬಂದು ನಿಂತಿತು. ಮುಂದೆ ಒಂದು ಲಾರಿ ಅಡ್ಡಡ್ಡ ಕೆಟ್ಟು ನಿಂತಿತ್ತು. ಐದು ನಿಮಿಷ ಕಳೆಯಿತು. ಹತ್ತು ನಿಮಿಷ ಕಳೆಯಿತು. ಕಂಡಕ್ಟರು ಇಳಿದು ಹೋಗಿ ನೋಡಿಕೊಂಡು ಬಂದ.

“ಕ್ರೇನ್ ಬರೋತನಕ ಇದು ಅಲ್ಲಾಡಲ್ಲ. ಅರ್ಜೆಂಟ್ ಇರೋರು ಇಳ್ಕೊಂಡು ಮೆಟ್ರೊ ಹಿಡೀರಿ, ಇಲ್ಲೇ ಪಕ್ಕದಲ್ಲಿದೆ. ನಾಲ್ಕೇ ಸ್ಟೇಷನ್” ಎಂದ.

ನಿಂತಿದ್ದವರೆಲ್ಲ ಇಳಿದರು. ಕೂತಿದ್ದವರಲ್ಲಿ ಇಳಿದವರು ಮೂರು ಜನ.

ಆ ಮೂವರೊಂದಿಗೆ ದರ್ಜಿಯೂ ಎದ್ದ. ನಿಜಕ್ಕೂ ಎದ್ದ. ಸೀಟಿನಿಂದ ಅವನ ಮೈ ಮೇಲೆದ್ದಿತ್ತು, ಕೈ ಮುಂದಿನ ಕಂಬಿಯನ್ನು ಹಿಡಿದಿತ್ತು. ಆಗ ಹಿಂದಿನ ಸಾಲಿನ ಒಬ್ಬಾತ ಕಿಟಕಿಯ ಗಾಳಿಗೆ ಆಸೆಪಟ್ಟು, ನೀವು ಇಳೀತೀರಾ, ನಾನು ಅಲ್ಲಿ ಕೂರಲಾ ಎಂದು ಕೇಳಿದ. ಅಷ್ಟೇ. ಆ ಮನುಷ್ಯ ಆ ಮಾತು ಕೇಳದಿದ್ದರೆ ದರ್ಜಿ ಇಳಿಯುತ್ತಿದ್ದನೋ ಏನೋ. ಇಲ್ಲ, ಸುಮ್ಮನೆ ಮೈ ಸಡಿಲಿಸಿದೆ ಎಂದು ಹೇಳಿ ಅವನು ಮತ್ತೆ ಕೂತ. ಇನ್ನೇನು ಕ್ರೇನ್ ಬಂದೇಬಿಡುತ್ತದೆ ಎಂದು ಪಕ್ಕದವನಿಗೆ ತಾನೇ ಧೈರ್ಯ ಹೇಳಿದ.

ಬಸ್ಸಿನ ನಡುದಾರಿ ಈಗ ಬಿಕೋ ಎನ್ನುತ್ತಿತ್ತು. ಇಳಿದವರು ಬಿಟ್ಟುಹೋದ ಸೀಟುಗಳಲ್ಲಿ ಯಾರೂ ಕೂರಲಿಲ್ಲ, ನಿಂತಿರುವವರು ಒಬ್ಬರೂ ಉಳಿದಿರಲಿಲ್ಲ. ಜಗಳವಾಡಿ ಗೆದ್ದ ಸೀಟಿಗೆ ಈಗ ಕಾಸಿನ ಬೆಲೆಯಿಲ್ಲ. ಆದರೂ ದರ್ಜಿ ಅದರ ಕಂಬಿಯನ್ನು ಬಿಡಲಿಲ್ಲ. ಒಂಬತ್ತಕ್ಕೆ ಮಗಳು ಫೋನು ಮಾಡಿದಳು. ಬರ್ತಾ ಇದ್ದೀನಮ್ಮ ಎಂದ. ಒಂಬತ್ತೂಕಾಲಿಗೆ ಮತ್ತೆ ಮಾಡಿದಳು. ಬಂದೇಬಿಟ್ಟೆ ಎಂದ. ಆಮೇಲೆ ಅವನಿಗೆ ಭಯವಾಯಿತು. ಆಗ ಇಳಿದು ಓಡಿದರೂ ಮುಟ್ಟುವಂತಿರಲಿಲ್ಲ. ಮುಟ್ಟುವಂತಿರಲಿಲ್ಲವಾದ್ದರಿಂದ ಇಳಿಯಲಿಲ್ಲ. ಅವನ ಬುದ್ಧಿ ಅವನಿಗೆ ಕೊನೆಯವರೆಗೂ ಒಂದಲ್ಲ ಒಂದು ಕಾರಣ ಒದಗಿಸುತ್ತಲೇ ಇತ್ತು.

ಒಂಬತ್ತೂ ಇಪ್ಪತ್ತಕ್ಕೆ ಕ್ರೇನ್ ಬಂತು. ಬಸ್ಸು ಪರೀಕ್ಷೆಯ ಕೇಂದ್ರದ ಮುಂದೆ ನಿಂತಾಗ ಹತ್ತಕ್ಕೆ ಹತ್ತು ನಿಮಿಷ. ಬಸ್ಸು ಸರಿಯಾದ ಬಸ್ಸು, ದಾರಿ ಸರಿಯಾದ ದಾರಿ, ಸ್ಟಾಪು ಕೂಡ ಸರಿಯಾಗಿ ಗೇಟಿನ ಎದುರಿಗೇ. ಗೇಟು ಹಾಕಿತ್ತು. ಒಳಗೆ ಪ್ರಶ್ನೆಪತ್ರಿಕೆ ಕೊಟ್ಟಾಗಿತ್ತು. ದರ್ಜಿ ಕಾವಲುಗಾರನಿಗೆ ಕೈಮುಗಿದ, ಕಾಲಿಗೂ ಬಗ್ಗಿದ. ಆ ಮನುಷ್ಯ ಒರಟನಲ್ಲ. ಬೀಗದ ಕೈ ಒಳಗಿನವರ ಹತ್ತಿರವಿದೆ ಎಂದು ಮೆಲ್ಲಗೆ ಹೇಳಿ, ಬಗ್ಗಿದವನನ್ನು ಎತ್ತಿ ನಿಲ್ಲಿಸಿದ.

ಮಗಳು ಗೇಟಿನ ಪಕ್ಕದಲ್ಲಿ ನಿಂತಿದ್ದಳು. ಅವಳು ಏಳೂಮುಕ್ಕಾಲಿನಿಂದ ನಿಂತೇ ಇದ್ದಳು. ಅಪ್ಪ ದೂರದಿಂದ ಬಂದರೆ ಕಾಣಲಿ ಎಂದು ಕೂತಿರಲಿಲ್ಲ. ಅತ್ತಿದ್ದಳು, ಮುಖ ತೊಳೆದುಕೊಂಡಿದ್ದಳು. ದರ್ಜಿ ಜೇಬಿನಿಂದ ಹಾಲ್ ಟಿಕೆಟ್ ತೆಗೆದು ಕೊಟ್ಟ. ಮಗಳೇ ಅವನ ಕೈ ಹಿಡಿದುಕೊಂಡಳು.

“ಹೋಗ್ಲಿ ಬಿಡಪ್ಪ. ಏನ್ ಟ್ರಾಫಿಕ್ಕೋ ಏನೋ, ನೀನಾದ್ರೂ ಏನ್ ಮಾಡ್ತೀಯ. ಪುಣ್ಯಕ್ಕೆ ನಿಂಗೆ ಸೀಟಾದ್ರೂ ಸಿಕ್ಕಿತ್ತಲ್ಲ.”

ಅವಳು ಚುಚ್ಚಿ ಹೇಳಿದ್ದಲ್ಲ. ಚುಚ್ಚಿ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಪ್ಪನಿಗೆ ನಿಂತು ಬರುವ ಕಷ್ಟ ತಪ್ಪಿತಲ್ಲ ಎಂದು ಅವಳು ಮನಸಾರೆ ಹೇಳಿದ್ದಳು. ದರ್ಜಿ ನಡುರಸ್ತೆಯಲ್ಲಿ ಹಸುಗೂಸಿನಂತೆ ಅತ್ತ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಶಿಷ್ಯನ ಕಣ್ಣೂ ಒದ್ದೆಯಾಗಿತ್ತು. ಅವನು ಕತೆಯನ್ನು ಮನಸ್ಸಿನಲ್ಲೇ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಸಿ ನೋಡಿದ. ಮೊದಲ ಬಸ್ಸಿನಲ್ಲಿ ನಿಂತು ಹೋಗಿದ್ದರೆ ಆಗುತ್ತಿತ್ತು. ಟೀ ಕುಡಿಯುವ ಹೊತ್ತಿಗೆ ಎದ್ದಿದ್ದರೂ ಆಗುತ್ತಿತ್ತು. ಲಾರಿ ಕೆಟ್ಟು ನಿಂತಾಗ ಇಳಿದಿದ್ದರೂ ಮೆಟ್ರೊ ಹಿಡಿದು ಮುಟ್ಟಬಹುದಿತ್ತು. ಯಾವುದು ಸರಿಯೆಂದು ಅವನಿಗೆ ಬಗೆಹರಿಯಲಿಲ್ಲ. ತಾನು ಕೂತಿದ್ದ ಮಣೆಯನ್ನು ಗುರುಗಳ ಹತ್ತಿರಕ್ಕೆ ಇನ್ನೂ ಸ್ವಲ್ಪ ಎಳೆದುಕೊಂಡು ಕೇಳಿದ.

“ಗುರುಗಳೇ, ಹಾಗಾದರೆ ಅವನು ಏಳಬೇಕಾಗಿದ್ದದ್ದು ಯಾವಾಗ?”

“ಇದನ್ನೂ ನೀನು ಕೂತೇ ಕೇಳುತ್ತಿದ್ದೀಯಲ್ಲ ಮಗು” ಎಂದರು ಗುರುಗಳು.