ತವರಿಗೆ ಹೋದವಳ ಹಾಸ್ಯಕತೆ

"ಗುರುಗಳೇ, ಹಾಸ್ಯಕತೆಯಲ್ಲಿ ವ್ಯಂಗ್ಯ ಎಲ್ಲಿರುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಅಂದು ಗೌರಿ ಹಬ್ಬದ ರಜೆ. ರಜೆ ವ್ಯರ್ಥವಾಗಬಾರದೆಂದು ಗುರುವಿನ ಮನೆಗೆ ಬಂದಿದ್ದ. ಬರುವಾಗ ಒಂದು ಸ್ಟೀಲಿನ ಡಬ್ಬಿಯಲ್ಲಿ ಒಬ್ಬಟ್ಟು ತಂದು ಗುರುವಿನ ಮುಂದೆ ಇಟ್ಟಿದ್ದ.

"ಯಾವ ಕತೆ?" ಎಂದರು ಗುರು.

"ಹೆಂಡತಿ ಹಬ್ಬಕ್ಕೆ ತವರಿಗೆ ಹೋಗುತ್ತಾಳೆ. ಗಂಡನಿಗೆ ಹಿಡಿಸಲಾರದಷ್ಟು ಸಂತೋಷ. ಮಾರನೆಯ ದಿನ ಅವನಿಗೆ ಬೆಂಕಿಪೊಟ್ಟಣ ಸಿಗುವುದಿಲ್ಲ. ಹಾಲು ಉಕ್ಕುತ್ತದೆ, ಅನ್ನ ಸೀಯುತ್ತದೆ. ಕೊನೆಗೆ, ತನಗೆ ಜ್ವರ, ಕೂಡಲೇ ಬಾ ಎಂದು ಸುಳ್ಳು ಕಾಗದ ಬರೆಯುತ್ತಾನೆ. ವಸ್ತು, ಪಾತ್ರ, ಸನ್ನಿವೇಶ, ತಿರುವು, ಎಲ್ಲವನ್ನೂ ಗುರುತಿಸಿಕೊಂಡೆ. ವ್ಯಂಗ್ಯವೊಂದು ಉಳಿಯಿತು. ಅದು ಗಂಡನ ಮಾತಿನಲ್ಲಿದೆಯೋ, ಕತೆಯ ಕೊನೆಯಲ್ಲಿದೆಯೋ ಗೊತ್ತಾಗುತ್ತಿಲ್ಲ. ಹುಡುಗರು ಕೇಳಿದರೆ ಹೇಳಬೇಕಲ್ಲ."

"ಹೆಂಡತಿ ತವರಿನಲ್ಲಿ ಏನು ಮಾಡುತ್ತಾಳೆ?"

"ಅದು ಕತೆಯಲ್ಲಿಲ್ಲ."

"ಇರುವುದಿಲ್ಲ," ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹಾಸ್ಯ ಲೇಖಕನಿದ್ದ. ಪ್ರತಿ ವರ್ಷ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ಕತೆ ಬರೆಯುತ್ತಿದ್ದ. ಪ್ರತಿ ವರ್ಷವೂ ಅದೇ ಕತೆ. ಹೆಂಡತಿ ಗೌರಿ ಹಬ್ಬಕ್ಕೆ ತವರಿಗೆ ಹೋಗುತ್ತಾಳೆ. ಗಂಡ ಕುಣಿಯುತ್ತಾನೆ, ಆಮೇಲೆ ಪರದಾಡುತ್ತಾನೆ. ಒಂದು ವರ್ಷ ಅವನಿಗೆ ಬೆಂಕಿಪೊಟ್ಟಣ ಸಿಗುತ್ತಿರಲಿಲ್ಲ, ಇನ್ನೊಂದು ವರ್ಷ ಸಕ್ಕರೆ ಡಬ್ಬಿ. ಓದುಗರಿಗೆ ಅಷ್ಟು ಬದಲಾವಣೆ ಸಾಕಾಗಿತ್ತು. ಕತೆಯಲ್ಲಿ ಹೆಂಡತಿಗೆ ಹೆಸರಿರಲಿಲ್ಲ. 'ನನ್ನವಳು' ಎಂದು ಬರೆಯುತ್ತಿದ್ದ. ಹೆಸರನ್ನು ಯಾರೂ ಕೇಳಲೂ ಇಲ್ಲ.

ವಿಶೇಷಾಂಕ ದೀಪಾವಳಿಗೆ ಹೊರಬರಬೇಕಾದರೆ ಕತೆ ಗೌರಿ ಹಬ್ಬದ ಮಾರನೆಯ ದಿನವೇ ಸಂಪಾದಕರಿಗೆ ಹೋಗಬೇಕು. ಹಾಗಾಗಿ ಆ ವಾರವೆಲ್ಲ ಅವನು ಬರೆಯುತ್ತಿದ್ದ. ಬರೆಯುವಾಗ ಗಳಿಗೆಗೊಮ್ಮೆ ಕಾಫಿ ಬೇಕು. ಮನೆಯಲ್ಲಿ ಸದ್ದು ಬೇಡ. ಅವನ ಅಕ್ಷರ ಅಚ್ಚಿನವರಿಗೆ ತಿಳಿಯುತ್ತಿರಲಿಲ್ಲ, ಆದ್ದರಿಂದ ಹೆಂಡತಿ ಕೂತು ಎಲ್ಲವನ್ನೂ ತಿದ್ದಿ ಬರೆದುಕೊಡಬೇಕು. ಇಷ್ಟೂ ಆಗಬೇಕಾದರೆ ಅವಳು ಮನೆಯಲ್ಲಿರಬೇಕು. ಮದುವೆಯಾದ ವರ್ಷ ಬಿಟ್ಟರೆ ಅವಳು ಒಂದು ಗೌರಿ ಹಬ್ಬಕ್ಕೂ ತವರಿಗೆ ಹೋಗಿರಲಿಲ್ಲ. ತಾನು ತವರಿಗೆ ಹೋದ ಕತೆಯನ್ನು ಒಲೆಯ ಪಕ್ಕ ಕೂತು ದುಂಡಗಿನ ಅಕ್ಷರದಲ್ಲಿ ನಕಲು ಮಾಡುತ್ತಿದ್ದಳು. ಅವಳು ಹೋದದ್ದರಿಂದ ಅವನಿಗೆ ಹೆಸರು ಬಂತು. ಅವಳು ಹೋಗದೇ ಇದ್ದದ್ದರಿಂದ ಅವನಿಗೆ ಕಾಫಿ ಬಂತು.

ವರ್ಷವೂ ಹಬ್ಬದ ಮುಂಚೆ ಅವಳ ತಮ್ಮ ಕರೆಯಲು ಬರುತ್ತಿದ್ದ. "ಇದೊಂದು ಸಲ ಬಿಡಪ್ಪಾ, ಕತೆ ಮುಗಿದಿಲ್ಲ. ಮುಂದಿನ ಗೌರಿಗೆ ಖಂಡಿತ," ಎಂದು ಲೇಖಕ ಹೇಳುತ್ತಿದ್ದ. ತಮ್ಮ ಕಾಫಿ ಕುಡಿದು ವಾಪಸು ಹೋಗುತ್ತಿದ್ದ.

ಒಮ್ಮೆ ಅವಳೇ ಕೇಳಿದಳು. "ಕತೆಯಲ್ಲಿ ವರ್ಷ ವರ್ಷ ಕಳಿಸ್ತೀರಲ್ಲ, ಒಂದು ಸಲ ಬಸ್ಸಿನಲ್ಲಿ ಕಳಿಸಿ."

ಲೇಖಕ ಗಟ್ಟಿಯಾಗಿ ನಕ್ಕ. ಮಾತು ಚೆನ್ನಾಗಿದೆ ಎಂದು ಅದನ್ನು ಕತೆಯೊಳಗೆ ಹಾಕಲು ನೋಡಿದ. ಹೊಂದಲಿಲ್ಲ. ಕತೆಯಲ್ಲಿ ಅವಳು ಆಗಲೇ ಹೊರಟುಹೋಗಿದ್ದಳು.

ಅವಳ ತವರಿನಲ್ಲೂ ಜನ ವಿಶೇಷಾಂಕ ಓದುತ್ತಿದ್ದರು. ನಕ್ಕರು. ನಕ್ಕ ಮೇಲೆ ಅವರಿಗೆ ಸಿಟ್ಟು ಬಂತು. ವರ್ಷವೂ ಊರಿಗೆ ಬರುವವಳು ಒಂದು ದಿನವೂ ತಮಗೆ ಮುಖ ತೋರಿಸಿಲ್ಲವಲ್ಲ ಎಂಬ ಸಿಟ್ಟು. ಒಂದು ಗೌರಿ ಹಬ್ಬದ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯ ಇಟ್ಟು, ಬಾಗಿನ ಹಿಡಿದುಕೊಂಡು ಅವಳ ತಾಯಿಯ ಮನೆಗೇ ಬಂದರು.

"ಏನ್ರೀ, ನಿಮ್ಮ ಸುಲೋಚನ ಪ್ರತಿ ವರ್ಷಾ ಬರ್ತಾಳಂತೆ, ಒಂದು ದಿನ ನಮ್ಮ ಹೊಸಲು ತುಳಿದಿದ್ದಾಳಾ? ಗಂಡನ ಹೆಸರು ಅಚ್ಚಾಗುತ್ತೆ ಅಂತ ಇಷ್ಟು ಜಂಬಾನಾ? ಕರೀರಿ ಈಚೆಗೆ. ಅವಳು ಬರದಿದ್ರೆ ನಾವೇ ಕೊಟ್ಟು ಹೋಗ್ತೀವಿ."

ತಾಯಿ ಬಾಗಿಲಿಗೆ ಬಂದಳು. ಮಗಳು ಬರುವುದೇ ಇಲ್ಲ ಎಂದರೆ ಅಳಿಯ ಕಳಿಸುವುದಿಲ್ಲ ಎಂದಂತೆ. ಊರಿನ ಮುಂದೆ ಅಳಿಯನನ್ನು ಬಿಟ್ಟುಕೊಡಬಾರದು. ಅಳಿಯ ಅತ್ತೆಯನ್ನು ಅಚ್ಚಿನಲ್ಲಿ ಏನು ಬೇಕಾದರೂ ಅನ್ನಬಹುದು.

"ಗುಡಿಗೆ ಹೋಗಿದ್ದಾಳೆ," ಎಂದಳು ತಾಯಿ.

"ಸರಿ, ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಬರ್ತೀವಿ. ಬಾಗಿನ ಇಟ್ಟು ಹೋಗೋಕಾಗುತ್ತಾ? ಅವಳ ಕೈಗೇ ಕೊಡಬೇಕು."

ಅವರು ಬೀದಿಯ ತಿರುವು ದಾಟುವುದನ್ನೇ ಕಾದು ತಾಯಿ ಮಗನನ್ನು ಬಸ್ಸಿಗೆ ಓಡಿಸಿದಳು.

ಮಗ ಲೇಖಕನ ಮನೆ ತಲುಪಿದಾಗ ಮಧ್ಯಾಹ್ನ. ಲೇಖಕ ಬರೆಯುತ್ತಿದ್ದ. ಕತೆಯ ಗಂಡ ಆಗತಾನೆ ಹೆಂಡತಿಯನ್ನು ಬಸ್ಸು ಹತ್ತಿಸಿದ್ದ.

"ಭಾವ, ಊರಿನವರು ನಿಮ್ಮ ಕತೆ ನಂಬಿಬಿಟ್ಟಿದ್ದಾರೆ," ಎಂದ ತಮ್ಮ. ನಡೆದದ್ದನ್ನೆಲ್ಲ ಹೇಳಿದ. "ದೀಪ ಹಚ್ಚೋದರೊಳಗೆ ಅಕ್ಕ ಅಲ್ಲಿರಬೇಕು. ಇಲ್ಲದಿದ್ರೆ ಅಮ್ಮ ಊರಿಗೆಲ್ಲ ಸುಳ್ಳುಗಾತಿ ಆಗ್ತಾಳೆ. ನಿಮ್ಮಿಂದ."

ಲೇಖಕನ ಕಣ್ಣು ಅರಳಿತು. "ಆಹಾ! ಎಂಥ ತಿರುವು ತಂದೆಯಯ್ಯಾ! ಇಷ್ಟು ವರ್ಷವಾದರೂ ನನಗೆ ಇಂಥದ್ದು ಹೊಳೆಯಲಿಲ್ಲ. ಕೂತ್ಕೋ, ಕೂತ್ಕೋ. ಅತ್ತೆ ಏನಂದ್ರು, ಗುಡಿಗೆ ಅಂದ್ರಾ, ಅಂಗಡಿಗೆ ಅಂದ್ರಾ? ಸರಿಯಾಗಿ ಹೇಳು." ಹೊಸ ಹಾಳೆ ತೆಗೆದ. ತಲೆ ಎತ್ತದೆ ಒಳಗೆ ಕೂಗಿದ, "ಎರಡು ಕಾಫಿ!"

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋದಳು.

ಲೇಖಕ ಬರೆದ. ಬಹಳ ಚೆನ್ನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ರೂಢಿಯಂತೆ ಎಡಗೈ ಚಾಚಿದ. ಲೋಟ ಸಿಗಲಿಲ್ಲ. ತಲೆ ಎತ್ತಿ ನೋಡಿದರೆ ಭಾವಮೈದುನನೂ ಇಲ್ಲ, ಹೆಂಡತಿಯೂ ಇಲ್ಲ. ಅಡುಗೆಮನೆಗೆ ಹೋದ. ಒಲೆ ಆರಿತ್ತು. ಬೆಂಕಿಪೊಟ್ಟಣ ಹುಡುಕಿದ, ಸಿಗಲಿಲ್ಲ. ಇದನ್ನು ಅವನು ಹಿಂದೆಯೇ ಬರೆದಿದ್ದ. ಬರೆದದ್ದರಿಂದ ಏನೂ ಉಪಯೋಗವಾಗಲಿಲ್ಲ.

ಅಲ್ಲಿ, ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದರು. ಅವಳು ಆಗತಾನೆ ಕಾಲು ತೊಳೆದು ಒಳಗೆ ಬಂದಿದ್ದಳು.

"ಏನಮ್ಮಾ, ಗುಡಿಯಲ್ಲಿ ಇಷ್ಟು ಹೊತ್ತಾ?" ಎಂದು ಒಬ್ಬಳು ಚುಚ್ಚಿದಳು.

"ಹೌದು, ಸಾಲು ಬಹಳ ಉದ್ದವಿತ್ತು," ಎಂದು ಅವಳು ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. ತಾಯಿ ದೇವರ ಕಡೆ ಮುಖ ಮಾಡಿಕೊಂಡು ಬತ್ತಿ ಸರಿಮಾಡುತ್ತಲೇ ಇದ್ದಳು.

ಆ ವರ್ಷ ವಿಶೇಷಾಂಕದಲ್ಲಿ ಅವನ ಕತೆ ಬರಲಿಲ್ಲ. ಲೇಖಕರ ಪತ್ನಿ ತವರಿಗೆ ಹೋಗಿದ್ದ ಕಾರಣ ಕತೆ ಸಿದ್ಧವಾಗಲಿಲ್ಲ ಎಂದು ಸಂಪಾದಕರು ವಿಷಾದ ಅಚ್ಚುಹಾಕಿದರು. ಓದುಗರು ಕೆರಳಿದರು. ಕಾಗದಗಳು ಬಂದವು. ಹಬ್ಬದ ಹೊತ್ತಿನಲ್ಲಿ ಗಂಡನನ್ನು ಒಂಟಿ ಬಿಟ್ಟು ತವರಿಗೆ ಓಡುವ ಇಂಥ ಹೆಂಗಸರಿಂದಲೇ ಸಾಹಿತ್ಯ ಸೊರಗುತ್ತಿದೆ ಎಂದು ಒಬ್ಬ ವಿದ್ಯಾವಂತ ಬರೆದ. ಹಬ್ಬಕ್ಕೆ ನಗು ಬೇಡವೇ, ಹಳೆಯ ಕತೆಯನ್ನಾದರೂ ಮತ್ತೆ ಹಾಕಿ ಎಂದು ಇನ್ನೊಬ್ಬ ಕೇಳಿದ. ಹಾಕಿದರು. ಜನ ನಕ್ಕರು.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬೆಳಗಿತು. "ತಿಳಿಯಿತು, ಗುರುಗಳೇ. ವ್ಯಂಗ್ಯ ಇರುವುದು ಓದುಗರಲ್ಲಿ. ಅವಳು ಕತೆಯಲ್ಲಿ ಹೋದರೆ ನಕ್ಕವರೇ ನಿಜವಾಗಿ ಹೋದರೆ ಸಿಟ್ಟಾಗುತ್ತಾರೆ. ಎಂಥ ಮೂರ್ಖರು! ಇದನ್ನೇ ಹುಡುಗರಿಗೆ ಹೇಳುತ್ತೇನೆ." ಖುಷಿಯಲ್ಲಿ ಡಬ್ಬಿಯನ್ನು ಗುರುವಿನ ಕಡೆ ಸರಿಸಿದ. "ಮೊದಲು ತಗೊಳ್ಳಿ. ನಮ್ಮ ಮನೆಯಲ್ಲಿ ನಸುಕಿಗೇ ಎದ್ದು ಮಾಡಿದ್ದು."

ಗುರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ತಿನ್ನಲಿಲ್ಲ.

"ಇನ್ನೂ ಬೆಚ್ಚಗಿದೆ, ಗೌರಿ ಹಬ್ಬದ ದಿನ ಇದನ್ನು ಮಾಡಿದವಳ ತವರು ಯಾವ ಊರು?" ಎಂದರು.