ಮೀಸೆಗೆ ಸಿಕ್ಕ ಕರೆಂಟು

ವೈರಿನ ಹತ್ತಿರ ಮೀಸೆ ಹಿಡಿದರೆ ಸಾಕು, ಒಳಗೆ ಎಷ್ಟು ಕರೆಂಟು ಓಡ್ತಿದೆ ಅಂತ ಹೇಳ್ತಿದ್ದೆ. ಕಣ್ಣಾರೆ ಕಂಡವರೆಲ್ಲ ತೀರಿಕೊಂಡರು.

ಹಿಟ್ಟಿನ ಗಿರಣಿಯಲ್ಲಿ ಆಳಾಗಿದ್ದಾಗ ನನ್ನ ಮೀಸೆಯ ಸುದ್ದಿ ಕೇಳಿ ಕರೆಂಟು ಇಲಾಖೆಯ ಸಾಹೇಬನೊಬ್ಬ ಬಂದು ಸವಾಲು ಹಾಕಿದ. "ವೈರು ಮುಟ್ಟದೆ ಕರೆಂಟು ಅಳೆದು ತೋರಿಸು. ಸ್ವಿಚ್ಚು ಮುಟ್ಟದೆ ಮೋಟರು ನಿಲ್ಲಿಸು. ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಮೀಸೆ ಹಿಡಿದೆ. ಒಂಬತ್ತು ಕೂದಲು ನೆಟ್ಟಗೆ ನಿಂತವು. "ಒಂಬತ್ತು ಆಂಪಿಯರ್ ರೀ ಸಾಹೇಬ್ರ." ಅವನ ಮೀಟರೂ ಅಷ್ಟೇ ತೋರಿಸಿತು!

ಆಮೇಲೆ ಕೂಗಿದೆ: "ಅಯ್ಯಯ್ಯೋ, ನಿಮ್ಮ ಟೈ ಮೋಟರಿನ ಬೆಲ್ಟಿಗೆ ಸಿಗ್ತದೆ!" ಸಾಹೇಬ ಗಾಬರಿಬಿದ್ದು ತಾನೇ ಸ್ವಿಚ್ಚು ಆರಿಸಿದ.

"ಮೋಟರು ನಿಂತಿತು. ನಾನೇನಾದರೂ ಮುಟ್ಟಿದೆನಾ?" ಅಂದೆ. ಸಾಹೇಬ ಮುಖಕ್ಕೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಹೊರಟುಹೋದ. ನನ್ನ ಕೆಲಸ ಉಳಿಯಿತು.

ಕಟ್ಟೆಯ ಮೇಲೆ ಕೂತು ನನ್ನ ಈ ಕಥೆ ಕೇಳುತ್ತಿದ್ದ ನೀಲವ್ವ ಅಂದಳು, "ಕಾಕಾ, ಅದು ನಮ್ಮಪ್ಪನ ಗಿರಣಿ. ಆಗ ಡೀಸೆಲ್ ಎಂಜಿನ್ ಮೇಲೆ ಓಡ್ತಿತ್ತು. ಊರಿಗೆ ಕರೆಂಟೇ ಬಂದಿರಲಿಲ್ಲ!"

ನಾನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡೆ. "ಅದಕ್ಕೇ ಹೇಳಿದ್ದು ನೋಡವ್ವಾ, ಆ ಸ್ವಿಚ್ಚು ನಾನು ಮುಟ್ಟಲೇ ಇಲ್ಲ ಅಂತ."