ಹೆಬ್ಬೆರಳಿನ ಜಾಗ

ಲಾಟ್ವಿಯಾ ಎಂಬ ಚಳಿದೇಶದ ಕಡಲ ತೀರದಲ್ಲಿ ದಾರ್ತ ಎಂಬ ಹುಡುಗಿಯಿದ್ದಳು. ಹೆಸರಿನಲ್ಲೇ ದಾರವಿದೆಯಲ್ಲ ಎಂದು ನಮಗೆ ಅನ್ನಿಸುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ ಹಾಗೇನೂ ಅರ್ಥವಿಲ್ಲ. ಆದರೂ ಅವಳ ಕೆಲಸ ದಾರದ್ದೇ ಆಗಿತ್ತು. ಅಪ್ಪ ಮೀನು ಹಿಡಿಯುತ್ತಿದ್ದ, ಮಗಳು ಬಲೆ ಹೆಣೆಯುತ್ತಿದ್ದಳು. ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು.

ಬಲೆ ಹೆಣೆಯುವವರಿಗೆ ಇರುವುದು ಒಂದೇ ನಿಯಮ. ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಯಲ್ಲಿರಬೇಕು. ಅದಕ್ಕೆಂದು ಜನ ಮರದ ಚಿಕ್ಕ ತುಂಡೊಂದನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ದಾರ್ತಳಿಗೆ ಅದೂ ಬೇಕಿರಲಿಲ್ಲ. ಹೆಬ್ಬೆರಳಿಗೆ ದಾರ ಸುತ್ತಿ ಗಂಟು ಹಾಕುತ್ತ ಹೋದರೆ ಸಾವಿರ ಕಣ್ಣಿನಲ್ಲಿ ಒಂದೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ದಾರ್ತಳ ಹೆಬ್ಬೆರಳಿಗಿಂತ ಒಳ್ಳೆಯ ಅಳತೆಕೋಲು ಈ ತೀರದಲ್ಲೇ ಇಲ್ಲ ಎಂದು ಬೆಸ್ತರು ಹೊಗಳುತ್ತಿದ್ದರು. ಹೊಗಳಿದ್ದು ಅವಳ ಕಿವಿಗೂ ಬಿದ್ದಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಒಳನಾಡಿನ ರೈತರ ಮನೆಯ ಆನ್ಸಿಸ್ ಎಂಬ ಹುಡುಗನ ಜೊತೆ ಅವಳ ಮದುವೆ ಗೊತ್ತಾಯಿತು. ದೊಡ್ಡ ಮನೆ, ಹತ್ತೊಂಬತ್ತು ಜನ. ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಮದುಮಗಳು ತನ್ನ ಕೈಯಾರೆ ಹೆಣೆದ ಉಣ್ಣೆಯ ಕೈಗವಸುಗಳನ್ನು ಪೆಟ್ಟಿಗೆ ತುಂಬ ತರಬೇಕು. ನಾಲ್ಕು ಬೆರಳಿಗೆ ಸೇರಿ ಒಂದು ಚೀಲ, ಹೆಬ್ಬೆರಳಿಗೆ ಬೇರೆ ಗೂಡು, ಇಂಥ ಕೈಗವಸು. ಗಂಡನ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಜೊತೆ. ಒಲೆಗೊಂದು ಜೊತೆ, ದನದ ಕೊಟ್ಟಿಗೆಗೊಂದು, ಜೇನುಗೂಡಿಗೊಂದು. ಒಂದು ಜೊತೆಯ ಚಿತ್ತಾರ ಇನ್ನೊಂದರಲ್ಲಿ ಬರಕೂಡದು. ಕೊನೆಗೆ ಮನೆಯ ಹಿರಿಯ ಅವಳು ಕೊಟ್ಟದ್ದನ್ನು ಬಲಗೈಗೆ ತೊಟ್ಟು, ಅವಳ ಕೈ ಹಿಡಿದು ಹೊಸ್ತಿಲು ದಾಟಿಸಬೇಕು. ಹಾಗೆ ದಾಟದೆ ಬಂದವಳು ಹತ್ತು ಮಕ್ಕಳನ್ನು ಹೆತ್ತರೂ ಆ ಮನೆಗೆ ಹೊರಗಿನವಳೇ.

ಬಲೆ ಹೆಣೆಯುವ ದಾರ್ತಳಿಗೆ ಕೈಗವಸು ಹೆಣೆಯಲು ಬರುತ್ತಿರಲಿಲ್ಲ. ಕಲಿಸಲು ಮನೆಯಲ್ಲಿ ತಾಯಿಯೂ ಇಲ್ಲ. ಊರ ಅಂಚಿನಲ್ಲಿದ್ದ ಲವೀಜಜ್ಜಿಯ ಬಳಿಗೆ ಹೋದಳು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಆದರೆ ಬೆರಳು ಆಡಿಸಿ ನೋಡಿಯೇ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹೇಳಿಬಿಡುತ್ತಿದ್ದಳು. ಮದುವೆ ಗೊತ್ತಾದ ಹುಡುಗಿಯರೆಲ್ಲ ಅವಳ ಬಳಿಯೇ ಕಲಿಯುತ್ತಿದ್ದರು. ಅವರು ತಂದುಕೊಡುವ ಹಿಟ್ಟು, ಒಣಮೀನು, ಸೌದೆಯಿಂದ ಅಜ್ಜಿಯ ಬದುಕು ನಡೆಯುತ್ತಿತ್ತು.

ಕೈಗವಸಿಗೆ ಐದು ಸಪೂರ ಕಡ್ಡಿ ಬೇಕು. ನಾಲ್ಕು ಕಡ್ಡಿ ಕುಣಿಕೆಗಳನ್ನು ಹಿಡಿದುಕೊಂಡು ನಿಂತಿರುತ್ತವೆ, ಐದನೆಯದು ಸುತ್ತ ತಿರುಗಿ ಹೆಣೆಯುತ್ತದೆ. ಎರಡು ಬಣ್ಣದ ಉಣ್ಣೆ, ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ. ಮೊದಲ ವಾರ ದಾರ್ತಳ ಕೈಯಲ್ಲಿ ಐದು ಕಡ್ಡಿಗಳೂ ಮುಳ್ಳುಹಂದಿಯಂತೆ ಕೆದರಿಕೊಂಡವು. ಎರಡನೆಯ ವಾರ ಪಳಗಿದವು. ತಿಂಗಳು ತುಂಬುವುದರೊಳಗೆ ಸೂರ್ಯ, ನಕ್ಷತ್ರ, ಮೀನಿನ ಮುಳ್ಳು, ತೆನೆ, ಎಲ್ಲ ಚಿತ್ತಾರವೂ ಅವಳಿಗೆ ಬಂದಿತು. ಅಜ್ಜಿಯೇ ಬೆರಗಾದಳು.

ಆಮೇಲೆ ಹೆಬ್ಬೆರಳಿನ ಪಾಠ ಬಂತು. ಹೆಬ್ಬೆರಳು ಹುಟ್ಟುವ ಜಾಗದಲ್ಲಿ ಕೆಲವು ಕುಣಿಕೆಗಳನ್ನು ಕೆಂಪು ದಾರದ ತುಂಡಿನಿಂದ ಹೆಣೆದು ಗುರುತು ಇಡಬೇಕು. ಅದನ್ನು ಅಲ್ಲೇ ಬಿಟ್ಟು ಅಂಗೈಯನ್ನು ತುದಿಯವರೆಗೆ ಮುಗಿಸಬೇಕು. ಮುಂದೆ ಒಂದು ದಿನ ಆ ಕೆಂಪು ದಾರವನ್ನು ಎಳೆದರೆ ಕುಣಿಕೆಗಳು ಬಾಯಿ ತೆರೆಯುತ್ತವೆ. ಅವನ್ನು ಕಡ್ಡಿಗೆ ಎತ್ತಿಕೊಂಡು ಹೆಬ್ಬೆರಳಿನ ಗೂಡು ಹೆಣೆಯಬೇಕು.

"ಆ ಒಂದು ದಿನ ಅಂದ್ರೆ ಯಾವತ್ತು ಅಜ್ಜಿ?" ಎಂದು ದಾರ್ತ ಕೇಳಿದಳು.

"ತೊಡೋರ ಕೈ ನೋಡಿದ ದಿನ," ಎಂದಳು ಅಜ್ಜಿ. "ಅಂಗೈ ಹೇಗೋ ಹಿಗ್ಗಿ ಕುಗ್ಗಿ ಹೊಂದ್ಕೊಳ್ಳುತ್ತೆ. ಹೆಬ್ಬೆರಳು ಅವರವರದೇ. ಅದಕ್ಕೆ ಕೈ ನೋಡೋವರೆಗೂ ಕೆಂಪು ದಾರ ಎಳೀಬಾರದು."

ಅಜ್ಜಿಯ ಗೋಡೆಯ ಮೇಲೆ ಹಾಗೆ ಕೆಂಪು ದಾರ ಹೊತ್ತು ಕಾದಿರುವ ಕೈಗವಸುಗಳು ಹತ್ತಾರು ಇದ್ದವು. ದಾರ್ತಳಿಗೆ ಅವು ಮೂಗು ಕೆತ್ತದೆ ಬಿಟ್ಟ ಗೊಂಬೆಗಳಂತೆ ಕಂಡವು. ಒಂದೇ ಅಳತೆಯಲ್ಲಿ ಬೆಳೆದ ಹುಡುಗಿ ಅವಳು. ಬಲೆಗೆ ಬೀಳುವ ಮೀನನ್ನು ಯಾರು ಅಳತೆ ಕೇಳುತ್ತಾರೆ?

ಹುಲ್ಲು ಕೊಯ್ಲಿನ ಸಮಯಕ್ಕೆ ಅವಳ ಎಲ್ಲ ಜೊತೆಗಳ ಅಂಗೈಯೂ ಮುಗಿದು ಹೆಬ್ಬೆರಳಷ್ಟೇ ಉಳಿದಿತ್ತು. ಆಗ ಅಜ್ಜಿ ಅವಳನ್ನು ಗಂಡಿನ ಮನೆಗೆ ಕಳಿಸಿದಳು. ಮೂರು ದಿನ ಅವರ ಜೊತೆ ಕೆಲಸ ಮಾಡು, ಎಲ್ಲರ ಕೈ ನೋಡಿಕೊಂಡು ಬಾ ಎಂದು ಹೇಳಿಕೊಟ್ಟಳು. ದಾರ್ತ ಹೋದಳು. ಹನ್ನೆರಡು ಹಸು ನೋಡಿದಳು. ರೊಟ್ಟಿ ಬೇಯಿಸುವ ದೊಡ್ಡ ಒಲೆ ನೋಡಿದಳು. ಚಿತ್ತಾರ ಕೆತ್ತಿದ ತೊಲೆ, ತಾನು ಮಲಗುವ ಕೋಣೆ, ಕಿಟಕಿಯ ಪರದೆ ಎಲ್ಲ ನೋಡಿದಳು. ಮನೆಯ ಹಿರಿಯ, ಆನ್ಸಿಸನ ಅಜ್ಜ ಇಂದ್ರಿಕಿಸ್, ಬಲಗೈಯನ್ನು ಯಾವಾಗಲೂ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಮುದುಕರ ಬಿಂಕ ಎಂದುಕೊಂಡು ಸುಮ್ಮನಾದಳು.

ತಿರುಗಿ ಬಂದಾಗ ಅಜ್ಜಿ ಕೇಳಿದ್ದು ಹಸುವಿನ ಸುದ್ದಿಯನ್ನಲ್ಲ. "ಎಲ್ಲರ ಕೈ ನೋಡಿದ್ಯಾ?" ಎಂದಳು.

ದಾರ್ತ ತಲೆ ತಗ್ಗಿಸಿ ಉಣ್ಣೆಯ ಉಂಡೆ ಸುತ್ತುತ್ತ, "ನೋಡ್ದೆ ಅಜ್ಜಿ," ಎಂದಳು.

ಅದು ಮೊದಲ ಸುಳ್ಳು. ಮಾರನೆಯ ದಿನವೇ ಕೆಂಪು ದಾರಗಳನ್ನೆಲ್ಲ ಎಳೆದು ಹಾಕಿ, ಹತ್ತೊಂಬತ್ತು ಜನರ ಹೆಬ್ಬೆರಳುಗಳನ್ನೂ ತನ್ನ ಹೆಬ್ಬೆರಳಿನ ಅಳತೆಗೆ ಹೆಣೆಯಲು ಕುಳಿತಳು. ಮುದುಕನ ಜೊತೆಯನ್ನು ಎಲ್ಲಕ್ಕಿಂತ ಮುತುವರ್ಜಿಯಿಂದ ಮುಗಿಸಿದಳು. ಮಣಿಕಟ್ಟಿನ ಸುತ್ತ ಸೂರ್ಯ, ಅಂಗೈ ತುಂಬ ನಕ್ಷತ್ರ. ಆ ನಕ್ಷತ್ರದ ಸಾಲು ಎಲ್ಲೂ ಕಡಿಯದೆ ಹೆಬ್ಬೆರಳಿಗೂ ಹತ್ತಿ ಮೂವತ್ತು ಸುತ್ತು ಸಾಗಿ ತುದಿ ಮುಟ್ಟುತ್ತಿತ್ತು. ಅಂಥ ಕೆಲಸ ಅಜ್ಜಿಯೂ ತನ್ನ ಕಾಲದಲ್ಲಿ ಮಾಡಿರಲಿಲ್ಲ. ಅಜ್ಜಿ ಅದನ್ನು ಬೆರಳಿನಿಂದ ಸವರಿ ಸವರಿ ನೋಡಿ ಮೆಚ್ಚಿದಳು. ಹೆಬ್ಬೆರಳಿಗೆ ಬಂದಾಗ ಕೈ ತಡೆಯಿತು. ಇದು ನಿನ್ನ ಬೆರಳಿನ ಹಾಗಿದೆಯಲ್ಲೇ ಎಂದಳು. ಅವರದೂ ಹೀಗೇ ಇದೆ ಎಂದಳು ದಾರ್ತ. ಒಂದು ಸುಳ್ಳನ್ನು ಕಾಪಾಡಲು ಇನ್ನೊಂದು ಬೇಕೇ ಬೇಕು.

ಮದುವೆಯ ದಿನ ಬಂತು. ಚರ್ಚಿನಿಂದ ಗಾಡಿಗಳು ಗಂಡಿನ ಮನೆಯ ಅಂಗಳಕ್ಕೆ ಬಂದು ನಿಂತವು. ಲವೀಜಜ್ಜಿಯೂ ಒಂದು ಗಾಡಿಯಲ್ಲಿ ಬಂದಿದ್ದಳು. ಪೆಟ್ಟಿಗೆ ತೆರೆಯಿತು. ಒಲೆಯ ಜೊತೆಯನ್ನು ಅತ್ತೆ ತ್ರೀನೆ ಒಳಗೆ ಕೊಂಡುಹೋಗಿ ಇಟ್ಟು ಬಂದಳು. ಕೊಟ್ಟಿಗೆಯ ಬಾಗಿಲಿಗೆ ಒಂದು ಜೊತೆ ಕಟ್ಟಿದರು, ಜೇನುಗೂಡಿನ ಮೇಲೆ ಒಂದು ಜೊತೆ ಇಟ್ಟರು. ಒಲೆ, ಕೊಟ್ಟಿಗೆ, ಜೇನುಗೂಡಿಗೆ ಕೈಯಿಲ್ಲ. ಆದ್ದರಿಂದ ಆ ಕಡೆಯಿಂದ ತಕರಾರು ಬರಲಿಲ್ಲ.

ಕೈಯಿದ್ದವರ ಪಾಡು ಬೇರೆಯಾಯಿತು. ಹಾಲು ಕರೆದು ಕರೆದು ಗಿಣ್ಣು ಊದಿದ್ದ ತ್ರೀನೆಯ ಹೆಬ್ಬೆರಳು ಅರ್ಧಕ್ಕೇ ನಿಂತಿತು. ನೇಗಿಲು ಹಿಡಿಯುವ ಮಾವನದು ಒಳಗೆ ಹೋಗಲೇ ಇಲ್ಲ. ಮದುವೆಯ ದಿನ ಯಾರು ಏನು ಹೇಳುತ್ತಾರೆ? ಚೆನ್ನಾಗಿದೆ, ಬಲು ಚೆನ್ನಾಗಿದೆ ಎಂದು ನಕ್ಕು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ದಾರ್ತ ಆ ನಗುವನ್ನು ಹೊಗಳಿಕೆ ಎಂದೇ ತಿಳಿದಳು.

ಕೊನೆಗೆ ಇಂದ್ರಿಕಿಸ್ ಹೊಸ್ತಿಲಿನ ಬಳಿ ಬಂದು ನಿಂತ. ಜೇಬಿನಿಂದ ಬಲಗೈಯನ್ನು ಹೊರಗೆ ತೆಗೆದ.

ಆ ಕೈಗೆ ಹೆಬ್ಬೆರಳು ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮರ ಕೊಯ್ಯುವಾಗ ಗರಗಸಕ್ಕೆ ಸಿಕ್ಕಿ ಹೋಗಿತ್ತು. ಬುಡದಲ್ಲಿ ಒಂದು ಮೋಟು ಉಳಿದಿತ್ತು, ಅಷ್ಟೆ. ಮನೆಯವರಿಗೆ ಅದು ನೋಡಿ ನೋಡಿ ಅಭ್ಯಾಸ. ಆನ್ಸಿಸ್ ಬುದ್ಧಿ ಬಂದಾಗಿನಿಂದ ಅಜ್ಜನನ್ನು ನೋಡಿದ್ದೇ ಹಾಗೆ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮುದುಕ ಕೈಗವಸು ತೊಟ್ಟ. ಮೂವತ್ತು ಸುತ್ತಿನ ನಕ್ಷತ್ರದ ಹೆಬ್ಬೆರಳು ಟೊಳ್ಳಾಗಿ ಜೋತುಬಿತ್ತು. ದಾರ್ತಳ ಕೈ ಹಿಡಿಯಲು ಹೋದರೆ ಆ ಖಾಲಿ ಗೂಡು ಮಡಚಿಕೊಂಡು ಇಬ್ಬರ ಅಂಗೈ ನಡುವೆ ಬಂತು. ಬಿಡಿಸಿ ಮತ್ತೆ ಹಿಡಿದ, ಮತ್ತೆ ಮಡಚಿಕೊಂಡಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮುದುಕ ಕೈಗವಸನ್ನು ಮೆಲ್ಲಗೆ ಕಳಚಿದ.

"ಚಿತ್ತಾರ ಚೆನ್ನಾಗಿದೆ ಮಗಳೇ," ಎಂದ. "ಈ ಕೈಗೆ ಇಷ್ಟೆಲ್ಲ ಬೇಡವಾಗಿತ್ತು."

ಬಲಗೈ ಮತ್ತೆ ಜೇಬಿಗೆ ಹೋಯಿತು. ಅಂಗಳದಲ್ಲಿ ಗುಸುಗುಸು ಎದ್ದಿತು. ಹಿರಿಯ ಕೈ ಹಿಡಿಯದೆ ಸೊಸೆ ಒಳಗೆ ಬರುವುದು ಹೇಗೆ? ದಾರ್ತಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತ್ರೀನೆ ಕೆಟ್ಟವಳಲ್ಲ. ಹೊಸ ಸೊಸೆಯ ಮಾನ ಉಳಿಸಬೇಕೆಂದು ಅವಳಿಗೆ ಅನ್ನಿಸಿತು. "ಕಲಿಸಿದ ಅಜ್ಜಿಗೆ ಕಣ್ಣು ಕಾಣಲ್ಲ ಅಂತ ಕೇಳಿದ್ದೆ," ಎಂದಳು. "ಹುಡುಗಿ ಏನು ಮಾಡ್ತಾಳೆ? ಹೇಳಿಕೊಟ್ಟ ಹಾಗೆ ಹೆಣೆದಿದ್ದಾಳೆ. ಹೌದು ತಾನೇ ದಾರ್ತ?"

ಎಲ್ಲರೂ ಲವೀಜಜ್ಜಿಯ ಕಡೆಗೆ ತಿರುಗಿದರು. ಅಜ್ಜಿ ಗಾಡಿಯ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದಳು. ಈ ಮಾತು ಊರೂರಿಗೆ ಹೋದರೆ ಮುಂದೆ ಒಬ್ಬ ಹುಡುಗಿಯೂ ಅವಳ ಬಾಗಿಲಿಗೆ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ದಾರ್ತಳಿಗೂ ಗೊತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ದಾರ್ತ ಹಾಗೆ ಹೇಳುವ ಕೆಲಸವೂ ಇರಲಿಲ್ಲ, ನೆರೆದವರೇ ನೆಲ ಡೊಂಕು ಎಂದು ಒಪ್ಪಲು ಸಿದ್ಧರಾಗಿದ್ದರು. ಅವಳು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ನಿಜ ಹೇಳಿದರೆ ಮದುವೆಯ ದಿನವೇ ಸುಳ್ಳುಗಾತಿ ಎನ್ನಿಸಿಕೊಳ್ಳಬೇಕು. ಅವಳಿಗೆ ಭಯವಾಯಿತು. ಭಯದಲ್ಲೇ ಬಾಯಿಬಿಟ್ಟಳು.

"ಅಲ್ಲ ಅತ್ತೆ. ಕೈ ನೋಡ್ಕೊಂಡು ಬಾ ಅಂತಾನೇ ಅಜ್ಜಿ ಇಲ್ಲಿಗೆ ಕಳಿಸಿದ್ದರು. ನಾನು ನೋಡಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳಿದೆ."

ದಾರ್ತ ಹೊಸ್ತಿಲಿನ ಹೊರಗಿನ ಕಲ್ಲಿನ ಮೇಲೆ, ಮದುವೆಯ ಉಡುಪಿನಲ್ಲೇ ಕುಳಿತುಬಿಟ್ಟಳು. ಸ್ವಲ್ಪ ಕೈ ಕೊಡಿ ಅಜ್ಜ ಎಂದು ಕೇಳಿದಳು. ಮುದುಕ ಹಿಂದೆಮುಂದೆ ನೋಡಿದ. ಆಮೇಲೆ ಅವಳ ಪಕ್ಕ ಕುಳಿತು ಕೈ ಕೊಟ್ಟ. ಅವಳು ಆ ಮೋಟನ್ನು ಮುಟ್ಟಿ ನೋಡಿದಳು. ಚರ್ಮ ತೆಳ್ಳಗಿತ್ತು, ತಣ್ಣಗಿತ್ತು, ಚಳಿಗೆ ನೀಲಿಗಟ್ಟಿತ್ತು. ಅಷ್ಟರಲ್ಲಿ ಲವೀಜಜ್ಜಿ ನಡೆದು ಬಂದು ಚೀಲದಿಂದ ಐದು ಕಡ್ಡಿ ತೆಗೆದು ಅವಳ ಮಡಿಲಿಗೆ ಹಾಕಿದಳು.

ದಾರ್ತ ಕೈಗವಸಿನ ಹೆಬ್ಬೆರಳಿನ ತುದಿ ಕತ್ತರಿಸಿ ಬಿಚ್ಚತೊಡಗಿದಳು. ಎಲ್ಲರೂ ಹೊಗಳಿದ ನಕ್ಷತ್ರಗಳು ಒಂದೊಂದಾಗಿ ಬರಿಯ ಉಣ್ಣೆಯಾದವು. ಬಿಚ್ಚುವಾಗ ಅವಳಿಗೆ ಸಂಕಟವಾಯಿತು. ಅಂಥ ಕೆಲಸ ಅವಳು ಮೊದಲೂ ಮಾಡಿರಲಿಲ್ಲ, ಮುಂದೆ ಮಾಡುತ್ತೇನೆಂಬ ಭರವಸೆಯೂ ಇರಲಿಲ್ಲ. ಬುಡದವರೆಗೂ ಬಿಚ್ಚಿ, ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು, ಎರಡು ಸುತ್ತಿಗೊಮ್ಮೆ ಮುದುಕನ ಕೈಗೆ ಹಿಡಿದು ನೋಡುತ್ತ ಹೆಣೆದಳು. ಒಂಬತ್ತು ಸುತ್ತಿಗೆ ಮುಗಿಯಿತು. ಒಳಗೆ ಸೂಪು ಆರಿತು. ವಾದ್ಯದವರು ವಾದ್ಯ ಕೆಳಗಿಟ್ಟು ನೋಡುತ್ತ ನಿಂತರು.

ಮುದುಕ ತೊಟ್ಟುಕೊಂಡು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದ. ಮೋಟು ಗೂಡಿನಲ್ಲಿ ಸರಿಯಾಗಿ ಕುಳಿತಿತ್ತು.

"ಇಪ್ಪತ್ತು ವರ್ಷದಿಂದ ಇಲ್ಲಿಗೆ ಚಳಿ ಹೊಡೀತಿತ್ತು," ಎಂದ.

ತ್ರೀನೆ ತಲೆ ತಗ್ಗಿಸಿದಳು. ಇಪ್ಪತ್ತು ಚಳಿಗಾಲ ಅವಳೇ ತನ್ನ ಮಾವನಾದ ಈ ಮುದುಕನಿಗೆ ಕೈಗವಸು ಹೆಣೆದುಕೊಟ್ಟಿದ್ದಳು. ಪ್ರತಿಸಲವೂ ಎಲ್ಲರಿಗೆ ಹೆಣೆಯುವ ಹಾಗೆ ಉದ್ದ ಹೆಬ್ಬೆರಳಿಟ್ಟೇ ಹೆಣೆದಿದ್ದಳು. ಮುದುಕ ಏನೂ ಹೇಳದೆ ಖಾಲಿ ಗೂಡನ್ನು ಮಡಚಿ ಹುರಿಯಿಂದ ಕಟ್ಟಿಕೊಳ್ಳುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತೇವೆ. ಇನ್ನೊಬ್ಬರ ಅಂಗೈಯಾದರೆ ಎದುರಿಗಿದ್ದರೂ ಕಾಣುವುದಿಲ್ಲ.

ಇಂದ್ರಿಕಿಸ್ ಎದ್ದು ದಾರ್ತಳ ಕೈಯನ್ನು ಗಟ್ಟಿಯಾಗಿ ಹಿಡಿದು ಹೊಸ್ತಿಲು ದಾಟಿಸಿದ.

ಆ ಚಳಿಗಾಲ ಉಳಿದ ಹದಿನೆಂಟು ಜನರ ಕೈಗವಸುಗಳೂ ಸೊಂಟದ ಪಟ್ಟಿಯಿಂದ ಇಳಿದು ದಾರ್ತಳ ಬಳಿಗೆ ಬಂದವು. ಯಾರೂ ಕೇಳಿರಲಿಲ್ಲ, ಅವಳೇ ಕೇಳಿ ಪಡೆದಳು. ಒಬ್ಬೊಬ್ಬರನ್ನಾಗಿ ಎದುರು ಕೂರಿಸಿಕೊಂಡು, ಕೈ ನೋಡಿ, ಬಿಚ್ಚಿ, ಮತ್ತೆ ಹೆಣೆದಳು.

ಹಿಮ ಕರಗಿದ ಮೇಲೆ ಅವಳು ತವರಿಗೆ ಬಂದಳು. ಅವಳ ಜೊತೆ ಇನ್ನೊಂದು ಜೊತೆ ಕೈಗವಸು ಇತ್ತು. ಅಂಗೈ ಪೂರ್ತಿ ಮುಗಿದಿತ್ತು, ಹೆಬ್ಬೆರಳಿನ ಜಾಗದಲ್ಲಿ ಕೆಂಪು ದಾರವಿತ್ತು. ಊರ ಹುಡುಗಿಯರಿಗೆಲ್ಲ ಹೆಣೆಯಲು ಕಲಿಸಿದ ಲವೀಜಜ್ಜಿಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಜೊತೆ ಹೆಣೆದುಕೊಟ್ಟಿರಲಿಲ್ಲ. ದಾರ್ತ ಅಜ್ಜಿಯ ಬಾಗಿಲು ತಟ್ಟಿ ಒಳಗೆ ಹೋಗಿ ಎದುರಿಗೆ ಕುಳಿತಳು.

"ಅಜ್ಜಿ, ಕೈ ಕೊಡಿ, ನೋಡ್ತೀನಿ," ಎಂದಳು.

ನೀತಿ: ತನ್ನ ಕೈಯ ಅಳತೆಗೆ ಹೆಣೆದು ಇನ್ನೊಬ್ಬರಿಗೆ ಕೊಟ್ಟರೆ ಅದು ಎಷ್ಟು ಚಂದವಿದ್ದರೂ ಕೊಟ್ಟವರ ಜಂಬವೇ ಹೊರತು ಪಡೆದವರ ಉಡುಗೊರೆಯಲ್ಲ. ಕೊಡುವ ಮೊದಲು ಪಡೆಯುವವರ ಕೈ ನೋಡಬೇಕು. ನೋಡದೆ ತಪ್ಪಿದರೆ, ಆ ತಪ್ಪನ್ನು ಕಲಿಸಿದವರ ತಲೆಗೆ ಕಟ್ಟದೆ ತಾನೇ ಕೂತು ಬಿಚ್ಚಬೇಕು.